ಕೆಡದೇ ಇದ್ದ ಕಾರ್ಡು

ಅನಂತಣ್ಣಾ, ತಿರುವನಂತಪುರದ ಉಳ್ಳೂರಿನ ನಮ್ಮ ಮನೆಯ ಕಂಪ್ಯೂಟರಿನಲ್ಲಿದ್ದ ಗ್ರಾಫಿಕ್ಸ್ ಕಾರ್ಡು ತಾನಾಗಿ ಕೈಕೊಟ್ಟದ್ದು ಒಂದೇ ಸಲ. ಆಮೇಲೆ ಪ್ರತಿ ಸಲವೂ ಅದನ್ನು ಸಡಿಲ ಮಾಡಿದವಳು ನಾನು — ನೀವು ಇಂದಿಗೂ ಬಾಯಿತುಂಬ 'ವೈನಿ' ಎಂದು ಕರೆಯುವ ನಿಮ್ಮ ಗೆಳೆಯನ ಹೆಂಡತಿ. ನೀವು ಸಮುದ್ರದ ಉಪ್ಪುಗಾಳಿಯನ್ನು ಬೈದಿರಿ, ಕರೆಂಟನ್ನು ಬೈದಿರಿ, ಕಾರ್ಡು ಮಾರಿದ, ನಿಮ್ಮ ಎರ್ನಾಕುಲಂನ ಪಾಲಾರಿವಟ್ಟಂ ಅಂಗಡಿಯವನನ್ನೂ ಬೈದಿರಿ. ನಾನು ಹೊಲಿಗೆ ಯಂತ್ರದ ಸ್ಕ್ರೂಡ್ರೈವರನ್ನು ಡಬ್ಬಿಯಲ್ಲಿ ಮುಚ್ಚಿಟ್ಟು ನಿಮಗೆ ಚಹಾ ತಂದುಕೊಟ್ಟೆ.

ಹೇಳಿಬಿಟ್ಟೆ. ಹೇಳುವಾಗ ನಗು ಬರುತ್ತಿದೆ — ಅದಕ್ಕೂ ನಾಚಿಕೆಯಾಗಬೇಕು.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಮ್ಮವರ ನೌಕರಿಯ ಬೆನ್ನುಹತ್ತಿ ನಾನು ಧಾರವಾಡದಿಂದ ತಿರುವನಂತಪುರಕ್ಕೆ ಬಂದು ಎಷ್ಟೋ ವರ್ಷಗಳಾಗಿದ್ದವು. ಮಕ್ಕಳನ್ನು ಕನ್ನಡದಲ್ಲಿ ಕೇಳಿದರೆ ಮಲಯಾಳಂನಲ್ಲಿ ಉತ್ತರ ಬರುತ್ತಿತ್ತು. ನಮ್ಮವರದು ಮೊದಲೇ ಮಾತು ಕಡಿಮೆ. ಇದ್ದ ನಾಲ್ಕು ಮಾತನ್ನೂ ಆಫೀಸಿನಲ್ಲಿ ಇಂಗ್ಲಿಷಿನಲ್ಲಿ ಖರ್ಚು ಮಾಡಿ ಬರುತ್ತಿದ್ದರು. ಅಂಥದ್ದರಲ್ಲಿ ಒಂದು ದಿನ ಕಂಪ್ಯೂಟರು ಹಚ್ಚಿದರೆ ಪರದೆ ಕಪ್ಪು, ಒಳಗಿನಿಂದ ಒಂದು ಉದ್ದ, ಎರಡು ಗಿಡ್ಡ ಸಿಳ್ಳು. ಪರದೆಗೆ ಚಿತ್ರ ಕಳಿಸುವ ಕಾರ್ಡು ಯಂತ್ರಕ್ಕೆ ಕಾಣುತ್ತಿಲ್ಲ ಎಂದು ಅದರ ಅರ್ಥವಂತೆ. ಅದನ್ನು ಕೊಡಿಸಿದ್ದವರು ನೀವೇ ಆದ್ದರಿಂದ ನಮ್ಮವರು ಎರ್ನಾಕುಲಂನ ನಿಮ್ಮ ಬ್ಯಾಂಕಿಗೆ ಫೋನು ಮಾಡಿದರು. ರವಿವಾರ ಬೆಳಗಿನ ರೈಲಿಗೆ ನೀವು ಬಂದಿರಿ. ಜೊತೆಗೆ ನಿಮ್ಮ ಹೆಂಡತಿ ವಿಮಲಾ ಬಂದಳು.

ನೀವು ಕಂಪ್ಯೂಟರಿನ ಡಬ್ಬಿ ಬಿಚ್ಚಿ ಕೂತಿರಿ. ವಿಮಲಾ ನನ್ನ ಅಡಿಗೆಮನೆಯ ಕಟ್ಟೆ ಏರಿ ಕೂತಳು. ಹುಬ್ಬಳ್ಳಿಯ ತನ್ನ ಅತ್ತೆ ಸಂತೆಯಲ್ಲಿ ಬದನೆಕಾಯಿ ಆರಿಸುವುದನ್ನು ಅವಳು ಮಾಡಿ ತೋರಿಸಿದಳು — ಕ್ಷಮಿಸಿ, ಅವರು ನಿಮ್ಮ ತಾಯಿ. ನಕ್ಕು ನಕ್ಕು ನನ್ನ ರೊಟ್ಟಿ ಹಂಚಿನ ಮೇಲೇ ಸೀದುಹೋಯಿತು. ಅಂಥ ನಗು ನನಗೆಷ್ಟು ಬೇಕಾಗಿತ್ತೆಂದು ಆ ದಿನವೇ ನನಗೂ ತಿಳಿದದ್ದು. ಚಹಾ ಹಿಡಿದು ಹೊರಗೆ ಬಂದಾಗ ನೀವು ಕಾರ್ಡನ್ನು ಹೆಬ್ಬೆರಳಿನಿಂದ ಒತ್ತುತ್ತಿದ್ದಿರಿ. ಪರದೆ ಬೆಳಗಿತು. ಎಲ್ಲಿ ಒತ್ತಿದಿರಿ ಎಂದು ನಾನು ನೋಡಿಟ್ಟುಕೊಂಡೆ.

ಸುಮ್ಮನೆ ಕರೆಯಬಹುದಿತ್ತಲ್ಲ ಎನ್ನುವಿರಿ. ಒಮ್ಮೆ ಕರೆದೆ, 'ನೋಡೂಣಂತ' ಎಂದಿರಿ. ಊಟಕ್ಕೆ ಕರೆದರೆ ಸಂಕೋಚ, ಮಷೀನು ಕೆಟ್ಟಿದೆ ಎಂದರೆ ಚಪ್ಪಲಿ ಮೆಟ್ಟಿ ಸಿದ್ಧ — ನೀವು ಹಾಗೆ. ನಾನು ಇನ್ನೊಮ್ಮೆ ಕರೆಯುವ ಬದಲು...

ಮನೆಯಲ್ಲಿ ಯಾರೂ ಇಲ್ಲದಾಗ ಪ್ಲಗ್ಗು ಕಿತ್ತು, ಸ್ಕ್ರೂ ಸಡಿಲಿಸಿ, ಕಾರ್ಡನ್ನು ಎಳ್ಳಿನಷ್ಟು ಮೇಲೆತ್ತಿಬಿಡುತ್ತಿದ್ದೆ. ಸಂಜೆ ನಮ್ಮವರು ಹಚ್ಚಿದಾಗ ಅದೇ ಸಿಳ್ಳು. ಆ ಸಿಳ್ಳಿಗೆ ಅವರು ಹಣೆ ಚಚ್ಚಿಕೊಂಡರೆ ನಾನು ಒಳಗೆ ಶೇಂಗಾ ಹುರಿಯಲು ಇಡುತ್ತಿದ್ದೆ, ಚಟ್ನಿಪುಡಿಗೆ! ನೀವು ಬರುತ್ತಿದ್ದಿರಿ, ಕಾರ್ಡಿನ ಹಲ್ಲುಗಳನ್ನು ಮಕ್ಕಳ ರಬ್ಬರಿನಿಂದ ಉಜ್ಜುತ್ತಿದ್ದಿರಿ, ಜಾಗ ಬದಲಿಸಿ ಕೂರಿಸುತ್ತಿದ್ದಿರಿ. ಅದು ನಡೆಯುತ್ತಿತ್ತು. ಕೆಲವು ವಾರ ಬಿಟ್ಟು ನಾನು ಮತ್ತೆ ಕೆಡಿಸುತ್ತಿದ್ದೆ. ಒಮ್ಮೆ ಅದನ್ನು ಪಾಲಾರಿವಟ್ಟಂಗೆ ಒಯ್ದು ಜಗಳವಾಡಿದಿರಂತೆ. ಅಂಗಡಿಯವನು ದಿನವಿಡೀ ಓಡಿಸಿ ನೋಡಿ, 'ಕುಳಪ್ಪಮಿಲ್ಲ ಸಾರೇ', ಏನೂ ತೊಂದರೆಯಿಲ್ಲ ಎಂದು ಹಿಂದಕ್ಕೆ ಕೊಟ್ಟನಂತೆ. ಅದನ್ನು ಹೇಳುವಾಗ ನಿಮ್ಮ ಮುಖ ಸಣ್ಣದಾಗಿತ್ತು. ನಾನು ನೋಡಿದೆ. ನೋಡಿಯೂ ಮುಂದಿನ ತಿಂಗಳು ಮತ್ತೆ ಸ್ಕ್ರೂಡ್ರೈವರ್ ಹಿಡಿದೆ.

ಅದನ್ನು ಸರಿಮಾಡಲು ಬಂದ ರವಿವಾರ ಊಟಕ್ಕೆ ಕೂತಾಗ ನೀವು ರೊಟ್ಟಿ ಮುರಿಯದೆ ಹೇಳಿದಿರಿ: "ವೈನಿ, ಬ್ಯಾಂಕಿನವರು ಹೊಸಾ ಕಂಪ್ಯೂಟರ್ ವಿಭಾಗಕ್ಕ ಬಾ ಅಂದಾರ. ಒಂದು ಕಾರ್ಡ್ ಸೈತ ನನ್ನ ಮಾತು ಕೇಳವಲ್ದು. ನನ್ನ ಕೈಲೆ ಆಗೂದಿಲ್ಲ ಅಂತ ಬರದು ಕೊಟ್ಟುಬಿಡ್ತೀನಿ."

ವಿಮಲಾ ತಲೆ ಎತ್ತಲಿಲ್ಲ. ನನ್ನ ಕೈಯಲ್ಲಿ ಸೌಟು ಇತ್ತು. ಆ ಕ್ಷಣದಲ್ಲಿ ಹೇಳಿದ್ದರೆ — ಹೇಳಿದ್ದರೆ ನಿಮ್ಮ ಎದೆಯ ಭಾರ ಅಲ್ಲೇ ಇಳಿಯುತ್ತಿತ್ತು. ನಾನು ಹೆದರಿದೆ. ಇನ್ನೊಂದು ಸಲ ನೋಡಿ, ಆಮೇಲೆ ಬರೆದುಕೊಡಿ ಎಂದಷ್ಟೇ ಹೇಳಿ ಪಲ್ಯ ಬಡಿಸಿದೆ.

ನೀವು ಹಟಕ್ಕೆ ಬಿದ್ದಿರಿ. ನಮ್ಮವರ ಹಳೆಯ ಹವಾಯಿ ಚಪ್ಪಲಿಯ ಒಂದು ತುಂಡು ಕತ್ತರಿಸಿ, ಅಲುಗಾಡದಂತೆ ಕಾರ್ಡಿನ ಪಕ್ಕದಲ್ಲಿ ತುರುಕಿದಿರಿ. ಅಂದಿನಿಂದ ನಾನು ಆ ಡಬ್ಬಿಯನ್ನು ಮುಟ್ಟಲಿಲ್ಲ. ವಾರವಾರವೂ ಫೋನಿನಲ್ಲಿ ವಿಚಾರಿಸುತ್ತಿದ್ದಿರಿ, ನಡೆದಿದೆ ಎನ್ನುತ್ತಿದ್ದೆ. ಕೊನೆಗೆ ಧೈರ್ಯ ಬಂದು ಆ ಹುದ್ದೆಗೆ ಒಪ್ಪಿಕೊಂಡಿರಿ. ಎರ್ನಾಕುಲಂನ ಎಷ್ಟು ಶಾಖೆಗಳ ಕಂಪ್ಯೂಟರಿನೊಳಗೆ ಹವಾಯಿ ಚಪ್ಪಲಿಯ ತುಂಡುಗಳು ಸೇರಿದವೋ, ನೀವೇ ಬಲ್ಲಿರಿ.

ಕಾರ್ಡು ಗಟ್ಟಿಯಾಯಿತು, ನಿಮ್ಮ ಬರವು ನಿಂತಿತು. ಮಾಡಿದ್ದುಣ್ಣೋ ಮಹಾರಾಯ ಎಂದುಕೊಂಡು ಸುಮ್ಮನಿದ್ದೆ. ಆಗ ಒಂದು ದಿನ ವಿಮಲಾಳೇ ಫೋನು ಮಾಡಿದಳು. ಕಾರ್ಡು ಹೇಗಿದೆ ಎಂದು ಕೇಳಿದಳು, ಚೆನ್ನಾಗಿದೆ ಎಂದೆ. ಆಮೇಲೆ ಅವಳು, "ಅಕ್ಕಾ, ಅದು ಕೆಡೂದಽ ಬಿಟ್ಟದ. ನಾವು ಹಂಗಽ ಬಂದ್ರ ನಡೀತದೇನು?" ಎಂದಳು. ಫೋನು ಇಟ್ಟು ನಾನು ಅಳುತ್ತ ನಕ್ಕೆ. ಒಂದು ಮಾತಿನಲ್ಲಿ ಸಿಗುವುದನ್ನು ನಾನು ಕದ್ದು ತಿಂದಿದ್ದೆ. ಅಂದಿನಿಂದ ನೀವಿಬ್ಬರೂ ಕಾರಣವಿಲ್ಲದೆ ಬಂದಿದ್ದೀರಿ, ಹೊಟ್ಟೆ ಹುಣ್ಣಾಗುವಂತೆ ನಗಿಸಿದ್ದೀರಿ, ನನ್ನ ಈ ಊರಿನ ಬಾಳನ್ನು ಹಬ್ಬ ಮಾಡಿದ್ದೀರಿ.

ಈಗಲೂ ಮದುವೆ ಮುಂಜಿಗಳಲ್ಲಿ ನೀವು ಆ ಕಥೆ ಹೇಳುತ್ತೀರಿ: ಕಾರ್ಡು ನನ್ನನ್ನು ಮತ್ತೆ ಮತ್ತೆ ಸೋಲಿಸಿತು, ಕಡೆಗೊಮ್ಮೆ ಚಪ್ಪಲಿಯಿಂದ ನಾನು ಗೆದ್ದೆ ಎಂದು. ಎಲ್ಲರೂ ನಗುತ್ತಾರೆ, ಎಲ್ಲರಿಗಿಂತ ಜೋರಾಗಿ ನಾನು. ಆದರೆ ಹೊಸ ಯಂತ್ರ ಮುಟ್ಟುವ ಮುಂಚೆ ನೀವು ಇಂದಿಗೂ ಒಂದು ಗಳಿಗೆ ಕೈ ಹಿಂದೆಳೆಯುವುದನ್ನು ನಾನು ಕಂಡಿದ್ದೇನೆ. ಆ ಅಳುಕು ನಾನು ಇಟ್ಟದ್ದು.

ಅನಂತಣ್ಣಾ, ನೀವು ಒಮ್ಮೆಯೂ ಸೋತಿರಲಿಲ್ಲ. ನೀವು ಮುಟ್ಟಿದ ಪ್ರತಿ ಸಲವೂ ಆ ಕಾರ್ಡು ಸರಿಯಾಗಿತ್ತು.