ಸಾರ್ ಪ್ಲೇಟು

ಎಪ್ಪತ್ತರ ದಶಕದಲ್ಲಿ ಚಿನ್ನದ ಗಣಿಯ ಊರು ಚಾಂಪಿಯನ್ ರೀಫ್ಸಿನ ನಮ್ಮ ಶಾಲೆಯಲ್ಲಿ ಮಧ್ಯಾಹ್ನ ಉಪ್ಪಿಟ್ಟು ಮಾಡುತ್ತಿದ್ದ ಆಯಾಗೆ ಒಂದೇ ವಿಷಯಕ್ಕೆ ಸಿಟ್ಟು ಬರುತ್ತಿತ್ತು: ಬಡಿಸುವಾಗ ಯಾರಾದರೂ ತಟ್ಟೆಗೆ ಕೈ ಅಡ್ಡ ಹಿಡಿದರೆ. "ಕೈ ತೆಗೀ ಲಾ!" ಎಂದು ಸೌಟಿನಿಂದ ಬೆರಳಿಗೆ ಮೆಲ್ಲಗೆ ಕುಟ್ಟಿ, ಇನ್ನೊಂದು ಗುಪ್ಪೆ ಹಾಕಿಯೇ ಮುಂದೆ ಹೋಗುತ್ತಿದ್ದಳು.

ಕೈ ಅಡ್ಡ ಹಿಡಿಯಲು ನಮಗೂ ಕಾರಣವಿತ್ತು. ಆ ಉಪ್ಪಿಟ್ಟಿನ ಹಳದಿ ರವೆಯನ್ನು ಒಂದು ದೊಡ್ಡ ಕಂಪನಿ ಕಳಿಸುತ್ತಿತ್ತು. ಮಾರಾಟವಾಗದೆ ಗೋದಾಮಿನಲ್ಲಿ ಉಳಿದದ್ದು ನಮಗೆ ದಾನ. ಎಷ್ಟು ಒಗ್ಗರಣೆ ಹಾಕಿದರೂ ಮುಗ್ಗಲು ವಾಸನೆ ಹೋಗುತ್ತಿರಲಿಲ್ಲ.

ಒಂದು ದಿನ ಕಂಪನಿಯ ಸಾಹೇಬರು ಫೋಟೋಗ್ರಾಫರನ ಜೊತೆ ಬಂದರು. ಮೂಟೆಗಳನ್ನು ತೋರಿಸಿ, "ಇದೆಲ್ಲ ನಮ್ಮ ಸರ್‌ಪ್ಲಸ್ಸು" ಎಂದು ಹೆಡ್‌ಮಾಸ್ತರಿಗೆ ಹೆಮ್ಮೆಯಿಂದ ಹೇಳಿದರು. ಆಯಾಗೆ ಅದು 'ಸಾರ್ ಪ್ಲೇಟು' ಎಂದು ಕೇಳಿಸಿತಂತೆ. ಹಾಗೆಂದು ಅವಳೇ ಆಮೇಲೆ ಹೇಳಿದ್ದು. ನಾನಂತೂ ಪೂರ್ತಿ ನಂಬಿಲ್ಲ. ಅವಳು ಓಡಿಹೋಗಿ ತಟ್ಟೆ ತೊಳೆದು ತಂದು, ಸಾಹೇಬರನ್ನು ನಮ್ಮ ಸಾಲಿನಲ್ಲೇ ಕೂರಿಸಿ, ಗುಡ್ಡೆ ಉಪ್ಪಿಟ್ಟು ಬಡಿಸಿದಳು.

ಸಾಹೇಬರು ಒಂದು ತುತ್ತು ನುಂಗಿ, "ನಂಗೆ ಅಭ್ಯಾಸ ಇಲ್ಲಮ್ಮ" ಎಂದರು.

"ನಮ್ ಮಕ್ಳಿಗೂ ಇರ್ಲಿಲ್ಲ ಸಾ, ಮಾಡಿಸ್ದೆ" ಎಂದು ಅವಳು ಮತ್ತೆ ಸೌಟು ಎತ್ತಿದಳು. ಅವರು ಗಾಬರಿಯಿಂದ ತಟ್ಟೆಗೆ ಅಂಗೈ ಅಡ್ಡ ಹಿಡಿದರು. ಅದೇ ಗಳಿಗೆಗೆ ಫೋಟೋ ಕ್ಲಿಕ್ಕಾಯಿತು.

ಮುಂದಿನ ವರ್ಷದ ಕಂಪನಿ ಕ್ಯಾಲೆಂಡರಿನಲ್ಲಿ ಅದೇ ಚಿತ್ರ ಬಂತು. ಬಡಮಕ್ಕಳ ಊಟಕ್ಕೆ ಸಾಹೇಬರ ಆಶೀರ್ವಾದ ಎಂದು ಕೆಳಗೆ ಒಕ್ಕಣೆ. ಆಯಾ ಅದನ್ನು ಅಡುಗೆಕೋಣೆಯಲ್ಲಿ ನೇತುಹಾಕಿದಳು. ದಿನಾ ಬಡಿಸಲು ಹೊರಡುವ ಮುಂಚೆ ಆ ಅಂಗೈಗೆ ಸೌಟಿನಿಂದ ಮೆಲ್ಲಗೆ ಕುಟ್ಟುತ್ತಿದ್ದಳು.

"ಕೈ ತೆಗೀ ಸಾ."