ಮೊಮ್ಮಗಳ ಹಲ್ಲಿಗೊಂದು ಭರಣಿ

ಮೊಮ್ಮಗಳ ಮೊದಲ ಹಲ್ಲು ಉದುರಿದ ದಿನ ನನಗಾದ ಸಂತೋಷ ಅರ್ಧ ಗಂಟೆಯೂ ಉಳಿಯಲಿಲ್ಲ. ಅಷ್ಟರಲ್ಲಿ ಅವಳು ಕೊಚ್ಚಿಗೆ ಫೋನ್ ಮಾಡಿಬಿಟ್ಟಳು.

ಹಲ್ಲು ಬಿದ್ದದ್ದು ನನ್ನ ಅಂಗೈಗೆ, ಬೇರೆ ಯಾರ ಕೈಗೂ ಅಲ್ಲ. ತಿರುವನಂತಪುರದಲ್ಲಿ, ಉಳ್ಳೂರಿನ ಹತ್ತಿರ ಮೂರನೇ ಮಹಡಿಯಲ್ಲಿ ನನ್ನ ಮಗನ ಮನೆ. ಬೆಳಗ್ಗೆ ಅವಳಿಗೆ ದೋಸೆ ತಿನ್ನಿಸುತ್ತಿದ್ದೆ. ತಿನ್ನುತ್ತಾ ತಿನ್ನುತ್ತಾ ಏನನ್ನೋ ಉಗಿದಳು. ನೋಡಿದರೆ ಅಕ್ಕಿಕಾಳಿನಷ್ಟು ಹಲ್ಲು! ನಾನು ಕೂಗಿದ ಕೂಗಿಗೆ ಮಗ ಅರ್ಧ ಗಡ್ಡ ಬೋಳಿಸಿಕೊಂಡೇ ಓಡಿಬಂದ. ನಗುವ ಆ ಬಾಯಿಯ ನಡುವೆ ಒಂದು ಪುಟ್ಟ ಕಿಟಕಿ ತೆರೆದಂತಿತ್ತು. ದೃಷ್ಟಿ ತಾಕೀತೆಂದು ನಾನೇ ಅವಳ ಬಾಯಿ ಮುಚ್ಚಿದೆ.

ನಮ್ಮ ಚನ್ನಪಟ್ಟಣದ ಕಡೆ ಬಿದ್ದ ಹಲ್ಲನ್ನು ಸಗಣಿಯಲ್ಲಿಟ್ಟು ಮನೆ ಮೇಲಕ್ಕೆ ಎಸೆಯುತ್ತಾರೆ. ಇಲ್ಲಿ ಸಗಣಿಗೆ ಎಲ್ಲಿಗೆ ಹೋಗುವುದು? ನಮ್ಮ ಮನೆಯ ಮೇಲಿರುವುದು ನಾಲ್ಕನೇ ಮಹಡಿಯವರ ಮನೆ. ಬಾಲ್ಕನಿಯಿಂದ ಹೇಗಾದರೂ ಮೇಲಕ್ಕೆ ತೂರೋಣವೆಂದು ಸೆರಗು ಸಿಕ್ಕಿಸಿಕೊಂಡೆ.

"ಕಳಯಂಡ ಅಜ್ಜಿ! ಎಂಡೆ ಪಲ್ಲು!" ಎಂದು ಕಿರುಚಿದಳು. ಎಸೀಬೇಡ, ನನ್ನ ಹಲ್ಲು ಅಂತ. ನಾನು ಕನ್ನಡದಲ್ಲಿ ಹೇಳಿದ್ದೆಲ್ಲ ಅವಳಿಗೆ ಅರ್ಥವಾಗುತ್ತದೆ, ಉತ್ತರ ಮಾತ್ರ ಮಲಯಾಳದಲ್ಲಿ. ಅವಳಿಗಾಗಿ ಈ ವಯಸ್ಸಿನಲ್ಲಿ ನಾನೂ ಅಷ್ಟಿಷ್ಟು ಕಲಿತಿದ್ದೇನೆ.

ಹಲ್ಲನ್ನು ಜೋಪಾನವಾಗಿ ಇಡಲು ಏನಾದರೂ ಬೇಕಲ್ಲ. ನನ್ನ ಕುಂಕುಮದ ಡಬ್ಬಿ ಕೊಡುತ್ತೇನೆಂದು ಎದ್ದೆ. ಅಷ್ಟರಲ್ಲಿ ಅವಳ ಅಮ್ಮನ ಫೋನಿನಲ್ಲಿ ಅಪ್ಪೂಪ್ಪನ ಮುಖ ಮೂಡಿತ್ತು.

"ಅದಕ್ಕೆಂತ ಪುಟ್ಟಾ, ಚಂದದ ಒಂದು ಭರಣಿ ಮಾಡಿ ಕೊಡುವ. ಮುಚ್ಚಳ ಎಲ್ಲ ಉಂಟು ಅದಕ್ಕೆ. ರಜೆಗೆ ಬಾ ನೀನು!"

ಅಪ್ಪೂಪ್ಪನೆಂದರೆ ನಮ್ಮ ಬೀಗರು, ಸೊಸೆಯ ಅಪ್ಪ. ಕಾಸರಗೋಡು ಕಡೆಯವರು. ಬ್ಯಾಂಕಿನಲ್ಲಿ ಮ್ಯಾನೇಜರಾಗಿದ್ದು, ನಿವೃತ್ತಿಯಾದ ಮೇಲೆ ಕೊಚ್ಚಿಯಲ್ಲೇ ಉಳಿದವರು. ಹೆಂಡತಿ ತೀರಿಕೊಂಡ ಮೇಲೆ ಕೈಗೊಂದು ಕೆಲಸ ಬೇಕೆಂದು ಮರ ತಿರುಗಿಸುವ ಕರೆಂಟಿನ ಲೇತು ತರಿಸಿ ಕಾರ್ ಶೆಡ್ಡಿನಲ್ಲಿ ಇಟ್ಟುಕೊಂಡಿದ್ದಾರೆ. ಫೋನಿನಲ್ಲಿ ವಿಡಿಯೋ ನೋಡಿ ನೋಡಿಯೇ ಮರ ಕಡೆಯುವುದನ್ನು ಕಲಿತರು. ಮುಚ್ಚಳದ ಭರಣಿ, ಉದ್ದ ಕಾಲಿನ ಲೋಟ, ಅದರ ಕಾಲಿಗೆ ಬಳೆಯ ಹಾಗೆ ಸುತ್ತ ತಿರುಗುವ ಉಂಗುರ. ಅವರ ಶೋಕೇಸು ತುಂಬ ಅವೇ.

ಆ ಲೋಟದ ಮೇಲೆ ನನಗಿದ್ದ ಸಿಟ್ಟು ಅಷ್ಟಿಷ್ಟಲ್ಲ. ನಾನು ಬೆಳ್ಳಿ ಲೋಟದಲ್ಲಿ ಹಾಲು ಕೊಟ್ಟರೆ ನನ್ನ ಬಂಗಾರ ಮೂಗು ಮುಚ್ಚಿಕೊಳ್ಳುತ್ತದೆ. ಅಪ್ಪೂಪ್ಪನ ಮರದ ಲೋಟದಲ್ಲಾದರೆ ಅದೇ ಹಾಲು ಗಟಗಟನೆ ಇಳಿಯುತ್ತದೆ.

ಅಸೂಯೆಗೆ ಇನ್ನೊಂದು ಕಾರಣವೂ ಇತ್ತು. ಕಡಸಲು, ಅಂದರೆ ಹೀಗೆ ಮರ ಕಡೆಯುವುದು, ನಮ್ಮ ಮನೆಯ ಕೆಲಸ. ನನ್ನ ಅಪ್ಪ ಚನ್ನಪಟ್ಟಣದಲ್ಲಿ ಗೊಂಬೆ, ಬುಗುರಿ, ಕುಂಕುಮದ ಭರಣಿ ಕಡೆಯುತ್ತಿದ್ದರು. ಆಗ ಕರೆಂಟಿಲ್ಲ. ಮರಕ್ಕೆ ಸುತ್ತಿದ ಹಗ್ಗವನ್ನು ಯಾರಾದರೂ ಎಳೆದೂ ಬಿಟ್ಟೂ ತಿರುಗಿಸಬೇಕು. ಎಳೆಯುವವಳು ನಾನು. ಅದಕ್ಕೇ ಮೂರನೇ ಕ್ಲಾಸಿಗೆ ಸ್ಕೂಲು ಬಿಡಿಸಿದರು. ಮದುವೆಯಾಗುವ ತನಕ ಎಳೆದೆ. ಉಳಿಯನ್ನು ಮಾತ್ರ ಒಂದು ದಿನವೂ ಕೈಗೆ ಕೊಡಲಿಲ್ಲ. "ಹೆಣ್ಮಗ ಕಣವ್ವ, ಕಣ್ಗಿಣ್ಣಿಗೆ ಸಿಡುದ್ರೆ ಯಾರು ಮದ್ವೆ ಆಯ್ತಾರೆ?" ಅನ್ನುತ್ತಿದ್ದರು. ಈಗ ಬ್ಯಾಂಕಿನಲ್ಲಿ ಕೂತೆದ್ದವರೊಬ್ಬರು ಉಳಿ ಹಿಡಿದಿದ್ದರು, ನನ್ನ ಮೊಮ್ಮಗಳು ಪಕ್ಕದಲ್ಲಿ ನಿಂತು ಚಪ್ಪಾಳೆ ತಟ್ಟುತ್ತಿದ್ದಳು. ಹೊಟ್ಟೆ ಉರಿಯದೆ ಇರುತ್ತದೆಯೇ?

"ಭರಣಿ ನಾನೇ ಮಾಡ್ಕೊಡ್ತೀನಿ ಬುಡು," ಅಂದೆ.

ಮಗ ನಕ್ಕ. "ಅಮ್ಮ, ನೀನು ಹಗ್ಗ ಎಳ್ದಿರೋದು. ಅಲ್ಲಿ ಅದನ್ನ ಕರೆಂಟೇ ಎಳಿಯುತ್ತೆ."

ಅಂದರೆ ನನ್ನ ಕೈಗೆ ಬರುವ ಒಂದೇ ಒಂದು ಕೆಲಸವೂ ಅಲ್ಲಿ ಬೇಕಾಗಿರಲಿಲ್ಲ. ಆ ಮಾತು ಎದೆಗೇ ತಾಗಿತು.

ರಜೆ ಬಂತು, ಬೆಳಗಿನ ರೈಲಿಗೆ ಕೊಚ್ಚಿಗೆ ಹೋದೆವು. ಬೀಗರು ಕನ್ನಡಕದ ಮೇಲೆ ಇನ್ನೊಂದು ಕನ್ನಡಕ ಏರಿಸಿ, ಬಾಯಿಗೆ ಬಟ್ಟೆ ಕಟ್ಟಿ ತಯಾರಾಗಿದ್ದರು. ಪಕ್ಕದ ಮನೆಯ ಹಲಸಿನ ಮರ ಗಾಳಿಗೆ ಬಿದ್ದಿತ್ತಂತೆ. ಅದರ ಒಂದು ತುಂಡು ಭರಣಿಗೆ. ಹಳೆಯ ಕಿಟಕಿಯ ತೇಗದ ಚೂರು ಮುಚ್ಚಳಕ್ಕೆ.

ಲೇತು ತಿರುಗಿತು. ಹಲಸಿನ ಮರದ ಹಳದಿ ಸಿಪ್ಪೆ ಉದ್ದುದ್ದಕ್ಕೆ, ರಿಬ್ಬನ್ನಿನ ಹಾಗೆ ಸುರುಳಿ ಸುತ್ತಿ ಬೀಳತೊಡಗಿತು. ಮೊಮ್ಮಗಳು ಅದನ್ನು ಜಡೆಗೆ ಮುಡಿದುಕೊಂಡು ಕುಣಿದಳು. ನಾನೊಂದು ಸುರುಳಿ ಎತ್ತಿ ಕೆನ್ನೆಗೆ ಒತ್ತಿಕೊಂಡೆ. ಅಪ್ಪ ಮರ ನೋಡುತ್ತಿದ್ದದ್ದು ಹಾಗೆಯೇ. ಒಣಮರದ ಸಿಪ್ಪೆ ತುಂಡಾಗಿ ಉದುರುತ್ತದೆ, ಮೈಗೆ ಬೆಚ್ಚಗಿರುತ್ತದೆ. ಇದು ತಣ್ಣಗಿತ್ತು. ಒಳಗೆ ಇನ್ನೂ ನೀರಿತ್ತು. ಈ ಭರಣಿ ಒಣಗುತ್ತಾ ಕುಗ್ಗುತ್ತದೆ, ಒಣಗಿದ ತೇಗದ ಮುಚ್ಚಳ ಕುಗ್ಗುವುದಿಲ್ಲ, ಬಾಯಿ ಕಚ್ಚಿಕೊಳ್ಳುತ್ತದೆ. ಇಷ್ಟೂ ಆ ಕ್ಷಣಕ್ಕೇ ನನಗೆ ತಿಳಿಯಿತು.

"ಹೇಗುಂಟು ಬೀಗಿತ್ತಿಯವರೇ?" ಎಂದು ಅವರು ಕೇಳಿದರು.

"ಬೋ ಸಂದಾಗದೆ," ಅಂದೆ. ಅಷ್ಟೇ ಅಂದೆ.

ಮುಚ್ಚಳ ಇಟ್ಟರೆ ಉಸ್ಸೆಂದು ಗಾಳಿ ಬಿಡುತ್ತಾ ತಾನೇ ಕೂರುತ್ತಿತ್ತು, ತೆಗೆದರೆ ಪಟ್ ಅನ್ನುತ್ತಿತ್ತು. ಮೊಮ್ಮಗಳು ಹಲ್ಲನ್ನು ಒಳಗಿಟ್ಟು ಹತ್ತು ಸಲ ಪಟ್ ಅನ್ನಿಸಿ, ಅಪ್ಪೂಪ್ಪನ ಕೊರಳಿಗೆ ಜೋತುಬಿದ್ದಳು. ಆ ಹಲ್ಲು ಬಿದ್ದದ್ದು ನನ್ನ ಕೈಗೆಂದು ಯಾರೂ ನೆನೆಯಲಿಲ್ಲ. ನಾನು ಒಳಗೆ ಹೋಗಿ, ಯಾರೂ ಹೇಳದಿದ್ದರೂ ಅವರ ಮನೆಯ ಪಾತ್ರೆಗಳನ್ನೆಲ್ಲ ಸದ್ದು ಮಾಡುತ್ತಾ ತೊಳೆದಿಟ್ಟೆ.

ತಿರುವನಂತಪುರಕ್ಕೆ ಮರಳಿ ಎರಡು ವಾರವಾಗಿರಬೇಕು. ಸ್ಕೂಲಿಗೆ ಒಯ್ದು ಎಲ್ಲರಿಗೂ ಹಲ್ಲು ತೋರಿಸುತ್ತೇನೆಂದು ಒಂದು ಭಾನುವಾರ ಅವಳು ಭರಣಿ ಎತ್ತಿಕೊಂಡಳು. ಮುಚ್ಚಳ ಅಲುಗಲಿಲ್ಲ. ಸೊಸೆ ತಿರುಗಿಸಿ ನೋಡಿದಳು. ಮಗ ಬಟ್ಟೆ ಸುತ್ತಿ ತಿರುಚಿದ, ಆಮೇಲೆ ಚಾಕು ತಂದ.

"ಪೊಟ್ಟುಂ! ಎಂಡೆ ಪಲ್ಲು!" ಒಡೆದುಹೋಗುತ್ತೆ ಎಂದು ಅಳುತ್ತಾ ಅವಳು ಭರಣಿಯನ್ನು ಹೊಟ್ಟೆಗೆ ಅವಚಿಕೊಂಡು ನೆಲದ ಮೇಲೆ ಉರುಳಿಬಿಟ್ಟಳು. ಆ ಅಳುವಿನಲ್ಲಿ ಹಲ್ಲು ಬಿದ್ದ ಕಿಟಕಿ ಕಾಣುತ್ತಿತ್ತು. ಬೀಗರ ಸೋಲನ್ನು ನೋಡಬೇಕೆಂದು ಎರಡು ವಾರ ಕಾದವಳಿಗೆ ಅದು ಹೀಗೆ ಬರುತ್ತದೆಂದು ಹೊಳೆದೇ ಇರಲಿಲ್ಲ. ನಾಚಿಕೆಯಿಂದ ಕಿವಿಯೆಲ್ಲ ಬಿಸಿಯಾಯಿತು.

"ಇಲ್ಲಿ ಕೊಡು ಕಂದ," ಅಂದೆ. ಹತ್ತಿ ಸೀರೆಯ ತುಂಡೊಂದನ್ನು ನೆನೆಸಿ ಹಿಂಡಿ, ಭರಣಿಯ ಹೊಟ್ಟೆಗೆ ಮಾತ್ರ ಸುತ್ತಿದೆ. ಮುಚ್ಚಳಕ್ಕೆ ನೀರು ಸೋಕಿಸಲಿಲ್ಲ. ಬಟ್ಟೆ ಒಣಗಿದಂತೆಲ್ಲ ಮತ್ತೆ ನೆನೆಸುತ್ತಾ ಅದನ್ನು ಮಡಿಲಲ್ಲಿಟ್ಟುಕೊಂಡು ಕೂತೆ. ಅವಳೂ ಬಿಕ್ಕುತ್ತಾ ನನ್ನ ತೊಡೆಗೆ ಒರಗಿ ಕೂತಳು. ಸಂಜೆ ಕಾಫಿಯ ಹೊತ್ತಿಗೆ ಹೆಬ್ಬೆರಳಿಟ್ಟು ಮೆಲ್ಲಗೆ ನೂಕಿದೆ. ಪಟ್!

ಆ ಮುಖ ನೀವು ನೋಡಬೇಕಿತ್ತು! ಕಣ್ಣೀರು ಒಣಗದ ಕೆನ್ನೆಯಲ್ಲೇ ಮುತ್ತಿನ ಮೇಲೆ ಮುತ್ತು ಕೊಟ್ಟಳು. ನಾನು ಅಲ್ಲಿಗೆ ಸುಮ್ಮನಿರಬಹುದಿತ್ತು.

"ಅಜ್ಜಿಕ್ಕ್ ಎಂಗನೆ ಅರಿಯಾಂ?" ನಿನಗೆ ಹೇಗೆ ಗೊತ್ತು ಎಂದು ಕೇಳಿದಳು.

"ಮರ ಹಸಿ ಇತ್ತು ಕಂದ. ನಂಗೆ ಅವತ್ತೇ ಗೊತ್ತಾಗಿತ್ತು." ಬಾಯಿಂದ ಬಂದೇಬಿಟ್ಟಿತು.

ಅವಳು ಮುತ್ತು ಕೊಡುವುದನ್ನು ನಿಲ್ಲಿಸಿದಳು. ನನ್ನನ್ನೇ ನೋಡಿದಳು. ಮತ್ಯಾಕೆ ಹೇಳಲಿಲ್ಲ ಎಂದು ಅಪರೂಪಕ್ಕೆ ಕನ್ನಡದಲ್ಲೇ ಕೇಳಿದಳು. ನಾನು ಒದ್ದೆ ಬಟ್ಟೆ ಹಿಂಡುವ ನೆಪದಲ್ಲಿ ಎದ್ದೆ. ಐದು ನಿಮಿಷದಲ್ಲಿ ಕೊಚ್ಚಿಗೆ ಸುದ್ದಿ ಮುಟ್ಟಿತ್ತು. ಫೋನು ನನ್ನ ಮುಖದ ಮುಂದೆ ಬಂತು.

"ಎಂತ ಬೀಗಿತ್ತಿಯವರೇ, ಅವತ್ತೇ ಹೇಳ್ಲಿಕ್ಕೆ ಆಗ್ತಿರ್ಲಿಲ್ವಾ?"

"ಹೊಟ್ಟೆಕಿಚ್ಚು ಕಣ್ರಿ," ಅಂದೆ. "ಮಗು ನಿಮ್ಮ ಹಿಂದೇ ಓಡ್ತದೆ. ಉಳಿಯೂ ನಿಮ್ಮ ಕೈಲೇ ಅದೆ. ತಡಿಯಕ್ಕಾಗ್ಲಿಲ್ಲ."

ಅವರು ಫೋನೇ ಅಲ್ಲಾಡುವ ಹಾಗೆ ನಕ್ಕರು. "ನನಗೆಷ್ಟು ಹೊಟ್ಟೆಕಿಚ್ಚು ಗೊತ್ತುಂಟಾ? ಮಗು ದಿನಾ ನಿಮ್ಮ ಒಟ್ಟಿಗೆ ಮಲಗುವುದು! ನನಗೆ ಸಿಗುವುದು ರಜೆ ಮಾತ್ರ. ಇನ್ನು ಆ ಮುಚ್ಚಳ ಮತ್ತೆ ಕಚ್ಚಬಾರದು. ನೀವೇ ಬಂದು ಬೇರೆ ಮುಚ್ಚಳ ಮಾಡಿ."

ಹೋದೆ. ಹೋಗುವಾಗ ನನ್ನ ಲಟ್ಟಣಿಗೆಯನ್ನು ಚೀಲಕ್ಕೆ ಹಾಕಿಕೊಂಡೆ. ಮದುವೆಗೆ ಅಪ್ಪ ಕಡೆದುಕೊಟ್ಟದ್ದು, ನಮ್ಮ ಕಡೆ ಗೊಂಬೆ ಕಡೆಯುವ ಆಲೆ ಮರದ್ದು. ಇಷ್ಟು ವರ್ಷ ಒಣಗಿದ ಮರ ಇನ್ನೆಲ್ಲಿ ಸಿಗಬೇಕು?

ಬೀಗರು ಅದರ ತುದಿಯನ್ನು ಕೊಯ್ದು ಲೇತಿಗೆ ಸಿಕ್ಕಿಸಿ ಉಳಿಯನ್ನು ನನ್ನ ಕೈಗಿಟ್ಟರು. ಎರಡು ಕನ್ನಡಕಗಳಲ್ಲಿ ಒಂದನ್ನು ನನಗೆ ಹಾಕಿದರು. ಲೇತು ತಿರುಗುತ್ತಲೇ ನನ್ನ ಬಲಗೈ ತನ್ನಷ್ಟಕ್ಕೆ ಹಿಂದಕ್ಕೂ ಮುಂದಕ್ಕೂ ಹೋಗತೊಡಗಿತು. ಇಲ್ಲದ ಹಗ್ಗವನ್ನು ಎಳೆಯುತ್ತಿತ್ತು! ಉಳಿ ಕಚ್ಚಿ ಮರದ ಚೂರು ಹಾರಿ ಬೀಗರ ಕಾರಿಗೆ ಬಡಿಯಿತು. ಮೊಮ್ಮಗಳು ಬಿದ್ದು ಬಿದ್ದು ನಕ್ಕಳು. "ಕೈ ಗಟ್ಟಿಯಾಗಿ ಒರಗಿಸಿ, ಎಳೆಯುವುದು ಬೇಡ ಮಾರಾಯ್ರೇ," ಎಂದು ಬೀಗರು ನನ್ನ ಮೊಣಕೈಯನ್ನು ಹಿಡಿದು ನಿಂತರು. ಎರಡನೆಯ ತುಂಡೂ ಹಾಳಾಯಿತು. ಮೂರನೆಯದು ನನ್ನ ಮಾತು ಕೇಳಿತು. ಪುಡಿಪುಡಿಯಾಗಿ, ಬೆಚ್ಚಗೆ ಸಿಪ್ಪೆ ಉದುರಿತು. ಮಳೆಗಾಲಕ್ಕೆ ಮರ ಉಬ್ಬೀತೆಂದು ಕೂದಲೆಳೆಯಷ್ಟು ಸಡಿಲ ಬಿಟ್ಟೆ.

ಬಣ್ಣಕ್ಕೆ ಅರಗು ಬೇಕಿತ್ತು. ಬೀಗರು ಮೇಜಿನ ಡ್ರಾಯರನ್ನು ತಡಕಿ, ಬ್ಯಾಂಕಿನಲ್ಲಿ ಲಕೋಟೆಗೆ ಸೀಲು ಒತ್ತಲು ಇಟ್ಟುಕೊಂಡಿದ್ದ ಕೆಂಪು ಅರಗಿನ ಕಡ್ಡಿ ತಂದರು. ತಿರುಗುವ ಮರಕ್ಕೆ ಒತ್ತಿದರೆ ಬಿಸಿಗೆ ಕರಗಿ ಹಿಡಿಯಿತು. ತಿಕ್ಕಲು ಕೇದಗೆ ಗರಿ ಬೇಕೆಂದೆ. ಇಲ್ಲಿಯವರು ಕೈತ ಅನ್ನುವುದು ಅದನ್ನೇ. ಮನೆ ಹಿಂದಿನ ಕಾಲುವೆಯ ಬದಿಯಲ್ಲಿ ಪೊದೆಪೊದೆಯಾಗಿ ಬೆಳೆದಿತ್ತು. ಬೀಗರು ಪಂಚೆ ಎತ್ತಿ ಕಟ್ಟಿ ಇಳಿದು, ಮುಳ್ಳು ಚುಚ್ಚಿಸಿಕೊಂಡು ಕೊಯ್ದು ತಂದರು. ಗರಿ ತಾಕಿಸಿದ್ದೇ ತಡ, ಮುಚ್ಚಳ ಕುಂಕುಮದ ಹಾಗೆ ಹೊಳೆಯಿತು. ವಿಡಿಯೋದಲ್ಲಿ ಇದನ್ನು ಕಂಡಿಲ್ಲವೆಂದು ಬೀಗರು ಎರಡು ಸಲ ಹೇಳಿದರು. ನಾನು ಕೇಳಿಸದವಳಂತೆ ಮೂರನೆಯ ಸಲವೂ ಹೇಳಿಸಿದೆ.

ಈಗ ಭರಣಿ ಅವರದು, ಮುಚ್ಚಳ ನನ್ನದು. ಹಲ್ಲು ನೋಡಲು ಬಂದವರಿಗೆಲ್ಲ ನನ್ನ ಬಂಗಾರ ಹಾಗೆಂದೇ ಹೇಳುತ್ತದೆ. ಮೊದಲು ಅಪ್ಪೂಪ್ಪನ ಹೆಸರು, ಆಮೇಲೆ ನನ್ನದು. ಅದೊಂದು ಕೊರಗು ಇದೆ.

ಮೊನ್ನೆ ದೋಸೆ ತಿನ್ನಿಸುವಾಗ ನೋಡಿದೆ, ಪಕ್ಕದ ಹಲ್ಲೂ ಅಲುಗುತ್ತಿದೆ. ಕೊಚ್ಚಿಗೆ ನಾನಿನ್ನೂ ಹೇಳಿಲ್ಲ. ಉಳಿದ ಅರ್ಧ ಲಟ್ಟಣಿಗೆಯನ್ನು ಒರೆಸಿ, ಅಡುಗೆಮನೆಯ ಮೇಲಿನ ಗೂಡಿನಲ್ಲಿ, ಒಣ ಜಾಗದಲ್ಲಿ ಎತ್ತಿಟ್ಟಿದ್ದೇನೆ.