ಪಂಚಮಿಗೆ ಮುಂಚೆ ಎಳೆದ ಸರಪಳಿ

ಹೊಸಪೇಟೆಯ ಹತ್ತಿರ ಹೊಳೆಗೆ ಅಣೆಕಟ್ಟು ಕಟ್ಟುವ ಕೆಲಸ ಶುರುವಾದ ಕಾಲ. ಅಲ್ಲಿನ ಪರೀಕ್ಷೆಯ ಶೆಡ್ಡಿನಲ್ಲಿ ನನಗೆ ನೌಕರಿ ಸಿಕ್ಕಿತ್ತು. ಏನು ಕೆಲಸವೆಂದು ಯಾರಾದರೂ ಕೇಳಿದರೆ ಹೇಳುವುದೇ ಕಷ್ಟ. ಬಂದ ಕಬ್ಬಿಣದ ಸಲಾಕೆಗಳಲ್ಲಿ ಕೆಲವನ್ನು ಆರಿಸಿ, ಯಂತ್ರಕ್ಕೆ ಸಿಕ್ಕಿಸಿ, ತುಂಡಾಗುವವರೆಗೆ ಎಳೆಯುವುದು. "ಅಂದ್ರ ಛಲೋ ಇದ್ದದ್ದನ್ನ ಮುರಿಯಾಕ ಪಗಾರ ಕೊಡ್ತಾರೇನು?" ಎಂದು ಕಂಪ್ಲಿಯ ಮನೆಯಲ್ಲಿ ಅಜ್ಜಿ ಕೇಳಿದ್ದಳು. ಆಗ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ. ಈಗ ನೆನೆದರೆ ನಗು ಬರುವುದಿಲ್ಲ.

ಯಂತ್ರವೆಂದರೆ ದೊಡ್ಡದೊಂದು ತಕ್ಕಡಿಯೇ. ಒಂದು ಕಡೆ ಸಲಾಕೆ, ಇನ್ನೊಂದು ಕಡೆ ಉದ್ದನೆಯ ದಂಡಿಗೆ, ದಂಡಿಗೆಯ ಮೇಲೆ ಸರಿದಾಡುವ ತೂಕದ ಗುಂಡು. ಗುಂಡು ದೂರ ಸರಿದಷ್ಟೂ ಸಲಾಕೆಯ ಮೇಲೆ ಎಳೆತ ಹೆಚ್ಚು. ಸಲಾಕೆಗೆ ಮೊದಲೇ ಎರಡು ಚುಕ್ಕೆ ಕುಟ್ಟಿ, ನಡುವಿನ ಅಂತರವನ್ನು ಕೈವಾರದಲ್ಲಿ ಹಿಡಿದಿಟ್ಟುಕೊಳ್ಳುತ್ತಿದ್ದೆ. ಕಬ್ಬಿಣವೂ ಹಿಗ್ಗುತ್ತದೆ ಎಂಬುದನ್ನು ನಾನು ಕಂಡದ್ದು ಅಲ್ಲಿಯೇ. ಒಂದು ಮಿತಿಯೊಳಗೆ ಹಿಗ್ಗಿದ್ದು ಭಾರ ತೆಗೆದ ಕೂಡಲೇ ಮೊದಲಿನ ಅಳತೆಗೆ ಬರುತ್ತದೆ. ಮಿತಿ ದಾಟಿದರೆ ದಂಡಿಗೆ ತಟ್ಟನೆ ಕೆಳಗಿಳಿಯುತ್ತದೆ. ಆಮೇಲೆ ಭಾರ ತೆಗೆದರೂ ಕಬ್ಬಿಣ ಮೊದಲಿನಂತೆ ಆಗುವುದಿಲ್ಲ. ಇನ್ನೂ ಎಳೆದರೆ ಒಂದು ಕಡೆ ಸಣಕಲಾಗಿ, ಬಂದೂಕು ಹಾರಿಸಿದಂಥ ಸದ್ದು ಮಾಡಿ ತುಂಡಾಗುತ್ತದೆ. ಎರಡು ತುಂಡುಗಳನ್ನು ಒಂದಕ್ಕೊಂದು ಕೂಡಿಸಿ ಮತ್ತೆ ಅಳೆಯಬೇಕು. ಎಷ್ಟು ಉದ್ದವಾಗಿದೆಯೋ ಅದರ ಮೇಲೆ ಆ ಕಬ್ಬಿಣದ ಗುಣ ಹೇಳುತ್ತಿದ್ದೆವು.

ದಿನವೂ ಇದನ್ನೇ ನೋಡಿ ನೋಡಿ ನನಗೊಂದು ರೋಗ ಹತ್ತಿತು. ಕೊಡದ ಹಿಡಿಕೆ, ಗಾಡಿಯ ಅಚ್ಚು, ಹಂಪಿಯ ಗುಡಿಯಲ್ಲಿ ತೂಗುವ ದೀಪ, ಯಾವುದನ್ನು ಕಂಡರೂ ಇದು ಎಲ್ಲಿ ಮುರಿಯುತ್ತದೆ ಎಂದು ಕಣ್ಣು ಹುಡುಕುತ್ತಿತ್ತು. ದೇವರ ಮುಂದೆ ಕೈ ಮುಗಿದು ನಿಂತವನು ಮೇಲಿನ ಕೊಂಡಿಯನ್ನೇ ನೋಡುತ್ತಿದ್ದೆ.

ಆ ವರ್ಷ ಶ್ರಾವಣ ಹತ್ತಿರ ಬಂದಾಗ ರಜೆಗೆ ಮನೆಗೆ ಹೋದೆ. ನಾಗರ ಪಂಚಮಿಗೆ ಅಕ್ಕ ಸಂಡೂರಿನ ಗಂಡನ ಮನೆಯಿಂದ ಬರುವವಳಿದ್ದಳು. ನಮ್ಮ ಕಡೆ ಪಂಚಮಿಯೆಂದರೆ ಕೊಟ್ಟ ಹೆಣ್ಣುಮಕ್ಕಳು ತವರಿಗೆ ಬಂದು ಜೋಕಾಲಿ ಆಡುವ ಹಬ್ಬ. ಅಕ್ಕನಿಗಂತೂ ಅದರ ಹುಚ್ಚೇ ಹುಚ್ಚು. ಕೂತು ಆಡುವವಳಲ್ಲ, ಮಣೆಯ ಮೇಲೆ ನಿಂತು, ಸೆರಗು ಸಿಕ್ಕಿಸಿ, ತಲೆ ಮಾಳಿಗೆಗೆ ತಾಗುವಂತೆ ಜೀಕುವವಳು. ಗಂಡನ ಮನೆಯಲ್ಲಿ ವರ್ಷವೆಲ್ಲ ತಲೆ ತಗ್ಗಿಸಿ ದುಡಿಯುತ್ತಿದ್ದಳು. ತನ್ನದು ಅಂತ ಅವಳಿಗೆ ಇದ್ದದ್ದು ಆ ಒಂದು ದಿನ.

ಪಡಸಾಲೆಯ ತೊಲೆಗೆ ಕಟ್ಟುವ ಜೋಡಿ ಸರಪಳಿಯನ್ನು ಅಪ್ಪ ಅಟ್ಟದಿಂದ ಇಳಿಸಿ ಹರಳೆಣ್ಣೆ ಸವರುತ್ತಿದ್ದ. ನಾನು ಹತ್ತಿರ ಹೋಗಿ ನೋಡಿದೆ. ಒಂದರಲ್ಲಿ ಕೊಂಡಿಗೆ ಕೊಂಡಿ ಉಜ್ಜಿ ಸವೆದಿತ್ತು. ಅಕ್ಕ ಜೀಕುವ ರಭಸ ನೆನಪಾಯಿತು.

"ಇದನ್ನ ಶೆಡ್ಡಿಗೆ ಒಯ್ದು ಎಳ್ದು ನೋಡ್ಕೊಂಡು ಬರ್ತೀನಿ," ಅಂದೆ.

"ನಿಮ್ಮ ಮುತ್ತಜ್ಜನ ಕಾಲದ್ದು ಲೇ ಅದು. ಏನೂ ಆಗಂಗಿಲ್ಲ, ಸುಮ್ನಿರು," ಅಂದ ಅಪ್ಪ. ನಾನು ಕೇಳಲಿಲ್ಲ. ಆ ಒಂದು ಸರಪಳಿಯನ್ನು ಚೀಲಕ್ಕೆ ಹಾಕಿಕೊಂಡು ಹೊರಟೆ.

ಶೆಡ್ಡಿನ ಇಂಜಿನಿಯರು ಸಾಹೇಬರು ಒಳ್ಳೆಯವರು. ನನ್ನ ಮಾತು ಕೇಳಿ ನಕ್ಕು, ಜೋಕಾಲಿಯ ಭಾರಕ್ಕಿಂತ ಒಂದಿಷ್ಟು ಹೆಚ್ಚು ಎಳೆದು ಬಿಟ್ಟುಬಿಡು, ಅಳತೆ ಮೊದಲಿನಂತೆ ಬಂದರೆ ಸರಪಳಿ ಸರಿಯಿದೆ ಎಂದು ತಿಳಿದುಕೋ ಎಂದು ಹೇಳಿ ಊಟಕ್ಕೆ ಹೋದರು. ಹಾಗೆಯೇ ಮಾಡಿದೆ. ಭಾರ ತೆಗೆದು ಕೈವಾರ ಇಟ್ಟು ನೋಡಿದರೆ ಕೂದಲೆಳೆಯಷ್ಟೂ ಹೆಚ್ಚು ಕಡಿಮೆಯಿಲ್ಲ. ಅಲ್ಲಿಗೆ ಕೆಲಸ ಮುಗಿದಿತ್ತು. ಚೀಲಕ್ಕೆ ಹಾಕಿಕೊಂಡು ಬಂದಿದ್ದರೆ ಸಾಕಿತ್ತು.

ಆದರೆ ನನ್ನ ಕೈ ಸುಮ್ಮನಿರಲಿಲ್ಲ. ಅಕ್ಕ ನಿಂತು ಜೀಕಿದರೆ? ಜೊತೆಗೆ ಗೆಳತಿಯೊಬ್ಬಳು ಹತ್ತಿದರೆ? ಗುಂಡನ್ನು ಇನ್ನೊಂದಿಷ್ಟು ಸರಿಸಿದೆ. ತಡೆಯಿತು. ಮತ್ತೊಂದಿಷ್ಟು ಸರಿಸಿದೆ. ಆಗಲೂ ತಡೆಯಿತು. ಆ ಹೊತ್ತಿಗೆ ನಾನು ಅಕ್ಕನನ್ನು ಮರೆತಿದ್ದೆ ಎಂದೇ ತೋರುತ್ತದೆ. ಇದು ಎಷ್ಟಕ್ಕೆ ಹರಿಯುತ್ತದೆ ಎಂಬುದೊಂದೇ ತಲೆಯಲ್ಲಿತ್ತು. ದಂಡಿಗೆ ತಟ್ಟನೆ ಇಳಿಯಿತು. ಗಾಬರಿಯಾಗಿ ಭಾರ ತೆಗೆದೆ. ಕೊಂಡಿಗಳೆಲ್ಲ ಉದ್ದವಾಗಿ, ಒಂದರೊಳಗೊಂದು ಬಿಗಿದು, ಸರಪಳಿ ಬಡಿಗೆಯಂತೆ ಸೆಟೆದು ನಿಂತಿತ್ತು. ಇನ್ನು ಅದು ಜೋಕಾಲಿಗೆ ಬರುವಂತಿರಲಿಲ್ಲ. ಕೆಟ್ಟದ್ದು ಹೇಗೂ ಕೆಟ್ಟಿತು ಎಂದು ಪೂರ್ತಿ ಎಳೆದೆ. ಸದ್ದಿಗೆ ತಗಡಿನ ಮೇಲಿದ್ದ ಕಾಗೆಗಳು ಹಾರಿಹೋದವು.

ಹಬ್ಬದ ಹಿಂದಿನ ದಿನ ಎರಡು ತುಂಡು ಹಿಡಿದು ಮನೆಗೆ ಬಂದೆ. ಅಕ್ಕ ಆಗಲೇ ಬಂದು ಹಿತ್ತಲಲ್ಲಿ ಹಬ್ಬದ ತಿನಿಸು ಅಳ್ಳಿಟ್ಟಿಗೆ ಕಾಳು ಹಸನು ಮಾಡುತ್ತಿದ್ದಳು. ನಾನು ಬಾಯಿ ಬಿಡುವ ಮೊದಲೇ ಅಜ್ಜಿ ತುಂಡುಗಳನ್ನು ಕಂಡಳು.

"ಅಯ್ಯ ಶಿವನ, ಹಬ್ಬದ ಮುಂದ ಜೋಕಾಲಿ ಸರಪಳಿ ಹರೀತಾ? ಈ ವರ್ಷ ಮನ್ಯಾಗ ಜೋಕಾಲಿ ಕಟ್ಟಬ್ಯಾಡ್ರಿ. ಛಲೋದಲ್ಲ."

"ಹಗ್ಗದಾಗ ಕಟ್ಟೋಣವ್ವ," ಅಂದ ಅಪ್ಪ.

"ಹಗ್ಗನೂ ಬ್ಯಾಡ. ಹೆಣ್ಣುಮಗಳು ಹತ್ತೋದು," ಅಂದಳು ಅಜ್ಜಿ. ಅಲ್ಲಿಗೆ ಮಾತು ಮುಗಿಯಿತು. ಅದು ಎಷ್ಟು ಭಾರ ತಡೆದು ಹರಿಯಿತು ಎಂದು ಹೇಳಲು ನಾನು ಬಾಯಿ ತೆರೆದೆ. ಯಾರೂ ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ.

ಪಂಚಮಿಯ ದಿನ ಹುತ್ತಕ್ಕೆ ಹಾಲೆರೆದು ಬಂದು ಅಕ್ಕ ಖಾಲಿ ತೊಲೆಯನ್ನು ಒಮ್ಮೆ ನೋಡಿದಳು. "ಇರ್ಲಿ ಬಿಡೋ ತಮ್ಮಾ, ಬರೋ ವರ್ಷ ಎರಡೂ ವರ್ಷದ್ದು ಸೇರ್ಸಿ ಆಡ್ತೀನಿ," ಎಂದು ನನಗೇ ಸಮಾಧಾನ ಹೇಳಿದಳು. ಅಳ್ಳಿಟ್ಟು ತಿಂದು ಮರುದಿನ ಸಂಡೂರಿನ ದಾರಿ ಹಿಡಿದಳು.

ಆ ಚಳಿಗಾಲದಲ್ಲಿ ಭಾವ ಜ್ವರದಿಂದ ತೀರಿಕೊಂಡ.

ಮುಂದಿನ ಪಂಚಮಿಗೆ ಅಪ್ಪ ಹೊಸ ಜೋಡಿ ಸರಪಳಿ ತಂದು ಜೋಕಾಲಿ ಕಟ್ಟಿದ್ದ. ಓಣಿಯ ಹುಡುಗಿಯರೆಲ್ಲ ಬಂದು ಮುತ್ತಿಕೊಂಡಿದ್ದರು. ಬೋಳು ಹಣೆಯ ಅಕ್ಕ ಕಂಬಕ್ಕೆ ಒರಗಿ ನಿಂತು, ಮಣೆ ಹತ್ತಿರ ಬಂದಾಗೊಮ್ಮೆ ನೂಕುತ್ತಿದ್ದಳು. ಹುಡುಗಿಯರು ಊಟಕ್ಕೆ ಹೋದ ಮೇಲೆ ಪಡಸಾಲೆಯಲ್ಲಿ ನಾವಿಬ್ಬರೇ ಉಳಿದೆವು.

"ಅಕ್ಕಾ, ಒಂದ್ಸರಿ ಕುಂದ್ರು. ಯಾರೂ ಇಲ್ಲ," ಅಂದೆ.

"ಬ್ಯಾಡಪ್ಪ. ಇನ್ನ ನಮಗೆಲ್ಲಿದು." ಜೋಕಾಲಿಯ ಸರಪಳಿಯನ್ನು ಕೈಯಲ್ಲಿ ಹಿಡಿದು ನಿಲ್ಲಿಸಿದಳು. ಸ್ವಲ್ಪ ಹೊತ್ತು ಅದನ್ನೇ ಸವರುತ್ತಿದ್ದು ಕೇಳಿದಳು. "ಹೋದ ವರ್ಷ ನೀ ಎಳ್ದೆಲ್ಲ, ಆ ಹಳೇದು. ಎಷ್ಟಕ್ಕ ಹರೀತೋ?"

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

"ಓಣಿ ಹುಡುಗ್ಯಾರೆಲ್ಲ ಒಮ್ಮಿಗೇ ಜೋತುಬಿದ್ರೂ ಹರೀತಿದ್ದಿಲ್ಲಕ್ಕ. ಭಾಳ ಗಟ್ಟಿ ಇತ್ತು."

ಅವಳು ನನ್ನ ಮುಖವನ್ನೇ ನೋಡಿದಳು. ಸಿಟ್ಟು ಮಾಡಿದ್ದರೆ ತಡೆದುಕೊಳ್ಳುತ್ತಿದ್ದೆ.

"ಹಂಗಂದ್ರ ನನ್ನ ತಡೀತಿತ್ತಲ್ಲೋ ತಮ್ಮಾ," ಅಂದಳು.

ನಾನು ಹೂಂ ಅಂದೆ.